ಕಡಲಹೂವನ್ನು ಸಾಕಿದವರು

ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ಮೀನು, ಏಡಿ, ಆಮೆ, ಮೊಸಳೆ, ಜಿಗಣೆ, ಶಂಖ, ಕಪ್ಪೆ ಮೊದಲಾದ ಜಲಚರಗಳ ಹೆಸರುಗಳನ್ನು ಹೇಳಿ, ಕಡೆಗೆ ಕಮಲ ಕುವಲಯಗಳಿಗೆ ಬಂದು ವರ್ಗವನ್ನು ಮುಗಿಸುತ್ತಾನೆ. ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಆ ಶ್ಲೋಕಗಳನ್ನು ಬಾಯಿಪಾಠ ಮಾಡಿದ ನನಗೆ, ನೀರಿನಲ್ಲಿರುವ ಯಾವತ್ತೂ ಅಲ್ಲಿ ಬಂದುಹೋಯಿತೆಂಬ ಭಾವನೆಯು ಬಹುಕಾಲ ಇದ್ದಿತು. ಆ ಪ್ರಾಣಿಗಳ ಪಟ್ಟಿಗೂ ಹೂವುಗಳ ಪಟ್ಟಿಗೂ ನಡುವೆ ನಿಲ್ಲಬೇಕಾಗಿದ್ದ ಜೀವಿಯೊಂದು ಅಲ್ಲಿ ಇಲ್ಲವೆಂಬುದು ತಿಳಿದದ್ದು, ಉದ್ಯೋಗನಿಮಿತ್ತವಾಗಿ ಕರಾವಳಿಯ ಊರೊಂದಕ್ಕೆ ಬಂದು ನೆಲಸಿದ ಮೇಲೆ.

ಇಂಗ್ಲಿಷರು ಈ ಜೀವಿಯನ್ನು ‘ಸೀ ಅನಿಮೋನ್’ ಎಂದು ಕರೆಯುತ್ತಾರೆ. ಗಾಳಿ ಎಂಬರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದ, ಉದ್ಯಾನದ ಹೂವೊಂದರ ಹೆಸರೇ ಅನಿಮೋನ್. ನಾವು ‘ಕಡಲಹೂವು’ ಎಂದರೆ ಸಾಕು. ಸಮುದ್ರವು ಇಳಿದ ಹೊತ್ತಿನಲ್ಲಿ ಬಂಡೆಗಳ ಸಂದಿಯಲ್ಲಿ ನಿಂತ ನೀರನ್ನು ಬಗ್ಗಿ ನೋಡಿದರೆ, ಕಲ್ಲಿಗೆ ಕಚ್ಚಿಕೊಂಡ ಗಿಡ್ಡ ಕಾಂಡವೂ ಅದರ ತುದಿಯಲ್ಲಿ ವೃತ್ತಾಕಾರವಾಗಿ ಬಿಚ್ಚಿಕೊಂಡ ಎಸಳುಗಳೂ ಕಾಣುತ್ತವೆ. ಬೆರಳು ತಾಗಿಸಿದೊಡನೆ ಎಸಳುಗಳು ಒಳಗೆ ಸೇರಿ, ಹೂವಿದ್ದೆಡೆಯಲ್ಲಿ ಒಂದು ಲೋಳೆಯ ಉಂಡೆ ಮಾತ್ರ ಉಳಿಯುತ್ತದೆ. ಎಸಳುಗಳೆಂದು ನಾವು ತಿಳಿದವು ವಾಸ್ತವವಾಗಿ ಕೈಗಳು. ಅವುಗಳ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ವಿಷದ ಮುಳ್ಳುಗಳು ಸುರುಳಿಗೊಂಡು ಅಡಗಿವೆ. ನಡುವೆ ಒಂದೇ ದ್ವಾರ. ಆಹಾರವು ಒಳಗೆ ಹೋಗುವುದೂ ಕಸವು ಹೊರಗೆ ಬರುವುದೂ ಮರಿಗಳು ಹುಟ್ಟುವುದೂ ಆ ಒಂದೇ ದ್ವಾರದಿಂದ. ಮಿದುಳಿಲ್ಲ, ಹೃದಯವಿಲ್ಲ, ರಕ್ತವಿಲ್ಲ. ಅರಿಸ್ಟಾಟಲನು ತನ್ನ ಪ್ರಾಣಿಚರಿತ್ರೆಯಲ್ಲಿ ಇದನ್ನು ತುರಿಕೆಗಿಡದ ಹೆಸರಿನಿಂದ ಕರೆದು, ನಡುವೆ ಬಾಯುಳ್ಳದ್ದೆಂದೂ ಬಂಡೆಗೆ ಅಂಟಿ ಬಾಳುವುದೆಂದೂ ಬರೆದಿದ್ದಾನೆ. ಎರಡು ಸಾವಿರ ವರ್ಷಗಳ ಹಿಂದೆಯೇ ಅಷ್ಟನ್ನು ನೋಡಿದವನಿದ್ದನೆಂಬುದು ಆಶ್ಚರ್ಯ.

ಈ ಜೀವಿಯೊಡನೆ ನನ್ನ ಪರಿಚಯವು ಒಂದು ಅಪರಾಧದಿಂದ ಆರಂಭವಾಯಿತು. ಅದನ್ನು ಮುಚ್ಚಿಟ್ಟು ಮುಂದಿನ ಚರಿತ್ರೆಯನ್ನು ಬರೆಯುವುದು ನ್ಯಾಯವಲ್ಲ. 1991ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ವಿಜ್ಞಾನದ ಉಪಾಧ್ಯಾಯರು ರಜೆಯ ಮೇಲಿದ್ದುದರಿಂದ ಅವರ ಎಂಟನೆಯ ತರಗತಿಯು ಸಂಸ್ಕೃತದ ಮೇಷ್ಟರಾದ ನನ್ನ ಪಾಲಿಗೆ ಬಂದಿತು. ನಾನು ಹುಡುಗರನ್ನು ಕಟ್ಟಿಕೊಂಡು ಸಮುದ್ರತೀರಕ್ಕೆ ಹೋದೆನು. ಅಲ್ಲಿ ಕಂಡ ಕಡಲಹೂವೊಂದನ್ನು ಚಾಕುವಿನಿಂದ ಎಬ್ಬಿಸಿ, ಮನೆಯಿಂದ ತಂದಿದ್ದ ತಾಮ್ರದ ತಂಬಿಗೆಯಲ್ಲಿ ಸಮುದ್ರದ ನೀರನ್ನು ತುಂಬಿ ಅದರಲ್ಲಿಟ್ಟೆನು. ತಾಮ್ರವು ಪರಿಶುದ್ಧವೆಂಬುದು ನಮ್ಮ ಮನೆತನದ ನಂಬಿಕೆ. ರಾತ್ರಿಯೆಲ್ಲ ಅದು ತಂಬಿಗೆಯಲ್ಲಿಯೇ ಇದ್ದಿತು. ಮರುದಿನ ಅದನ್ನು ಉಪ್ಪಿನಕಾಯಿಯ ಗಾಜಿನ ಭರಣಿಗೆ ವರ್ಗಾಯಿಸಿ ತರಗತಿಯ ಕಿಟಕಿಯಲ್ಲಿ ಬಿಸಿಲಿಗಿಟ್ಟು, ನೀರು ಕಡಿಮೆಯಾಗಿ ಕಂಡಿತೆಂದು ಶಾಲೆಯ ಬಾವಿಯ ನೀರನ್ನು ಎರೆದು, ಹಸಿದೀತೆಂದು ಅನ್ನದ ಅಗುಳುಗಳನ್ನು ಹಾಕಿದೆವು. ಮೂರನೆಯ ದಿನ ನೀರು ಹಾಲಿನಂತೆ ಬೆಳ್ಳಗಾಗಿ, ಬಾಗಿಲು ತೆರೆಯುವಷ್ಟರಲ್ಲಿಯೇ ದುರ್ಗಂಧವು ಬಂದಿತು. ಮುಂದಿನ ಸಾಲಿನ ಹುಡುಗನೊಬ್ಬನು, “ಸಾರ್, ಇದು ಸತ್ತಿತೋ, ಬಾಡಿತೋ?” ಎಂದು ಕೇಳಿದನು. ವ್ಯಾಕರಣದ ಪ್ರಶ್ನೆಯಾಗಿದ್ದರೆ ಉತ್ತರಿಸಬಹುದಾಗಿತ್ತು. ಆ ದಿನ ಸುಮ್ಮನಿದ್ದೆನು.

ಆ ಹುಡುಗನ ಪ್ರಶ್ನೆಯೇ ನನ್ನನ್ನು ಅನಂತರದ ವರ್ಷಗಳಲ್ಲಿ ಪುಸ್ತಕಗಳ ಕಡೆಗೆ ಕಳುಹಿಸಿತು. ಮೂರು ದಿನವೂ ಬದುಕಿಸಲಾರದೆ ಹೋದ ಇಂಥ ಜೀವಿಯನ್ನು ಯಾರಾದರೂ ಮನೆಯಲ್ಲಿಟ್ಟು ಸಾಕಿದ್ದುಂಟೋ ಎಂದು ಹುಡುಕಿದಾಗ, ಐವತ್ತೊಂಬತ್ತು ವರ್ಷ ಸಾಕಿದವರ ವೃತ್ತಾಂತವು ದೊರಕಿತು.

ಸರ್ ಜಾನ್ ಗ್ರಹಾಂ ಡಾಲ್ಯೆಲ್ ಎಂಬವನು 1775ರಲ್ಲಿ ಸ್ಕಾಟ್ಲೆಂಡ್ ದೇಶದ ಜಮೀನುದಾರರ ಮನೆತನದಲ್ಲಿ ಹುಟ್ಟಿದನು. ಶೈಶವದಲ್ಲಿ ಬಿದ್ದು ಕಾಲು ಕುಂಟಾಯಿತು. ನ್ಯಾಯಶಾಸ್ತ್ರವನ್ನು ಓದಿ ಎಡಿನ್‌ಬರೋ ನಗರದಲ್ಲಿ ವಕೀಲನಾದರೂ ಅವನ ಮನಸ್ಸು ಹಳೆಯ ಓಲೆಪತ್ರಗಳಲ್ಲಿಯೂ ಪ್ರಾಣಿಗಳಲ್ಲಿಯೂ ಇದ್ದಿತು. ತನ್ನ ನಾಡಿನ ಮೂಢನಂಬಿಕೆಗಳನ್ನು ಕುರಿತು ಒಂದು ಗ್ರಂಥವನ್ನೂ ಸಂಗೀತವನ್ನು ಕುರಿತು ಇನ್ನೊಂದನ್ನೂ ಬರೆದನು. ಈ ಎರಡು ವಿಷಯಗಳ ಜೊತೆಗೆ ಕಡಲ ಹುಳುಗಳನ್ನೂ ಒಬ್ಬನೇ ಮನುಷ್ಯನು ಅಭ್ಯಾಸ ಮಾಡಿದ್ದು, ಶಾಸ್ತ್ರಗಳಿಗೆ ಇನ್ನೂ ಬೇಲಿ ಹಾಕದಿದ್ದ ಕಾಲದ ಲಕ್ಷಣ. 1828ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅವನು ನಾರ್ತ್ ಬರ್ವಿಕ್ ಎಂಬ ಕಡಲೂರಿನ ಬಂಡೆಗಳಿಂದ ಒಂದು ಕಡಲಹೂವನ್ನು ತಂದನು. ಅದು ಆ ತೀರದಲ್ಲಿ ಎಲ್ಲಕ್ಕಿಂತ ಸಾಧಾರಣವಾದ ಜಾತಿ; ಮೈ ಕಂದುಗೆಂಪು, ಎಸಳುಗಳ ಬುಡದ ಸುತ್ತಲೂ ನೀಲಿಯ ಮಣಿಗಳನ್ನು ಪೋಣಿಸಿದಂತಹ ಚುಕ್ಕೆಗಳು. ಅದರ ಗಾತ್ರವನ್ನು ತಾನು ಸಾಕಿದ್ದ ಬೇರೆ ಮರಿಗಳ ಬೆಳವಣಿಗೆಯೊಡನೆ ಹೋಲಿಸಿ, ಆಗಲೇ ಅದಕ್ಕೆ ಏಳು ವರ್ಷಗಳಾದರೂ ಆಗಿರಬೇಕೆಂದು ಅವನು ನಿರ್ಣಯಿಸಿದನು.

ಅವನ ಸಾಕಣೆಯಲ್ಲಿ ಯಂತ್ರವಿರಲಿಲ್ಲ. ಒಂದು ಗಾಜಿನ ಭರಣಿ. ಕೂಲಿಯಾಳಿನಿಂದ ಸಮುದ್ರದಿಂದ ಹೊರಿಸಿ ತರಿಸಿದ ನೀರು. ಕರಾವಳಿಯಲ್ಲಿ ನಾವು ನೀಲಿಕಲ್ಲು ಎನ್ನುವ ಚಿಪ್ಪುಜೀವಿಯ ಒಂದು ತುಣುಕು. ಇಷ್ಟೇ. ಆದರೆ ನೀರನ್ನು ಬದಲಾಯಿಸುವುದನ್ನು ಅವನು ಎಂದೂ ಮರೆಯಲಿಲ್ಲ. ಆ ಕಾಲಕ್ಕೆ ಸಮುದ್ರದಿಂದ ದೂರದಲ್ಲಿ ಸಮುದ್ರಜೀವಿಗಳನ್ನು ಉಳಿಸುವುದಕ್ಕೆ ಬೇರೆ ಉಪಾಯವನ್ನು ಯಾರೂ ಅರಿತಿರಲಿಲ್ಲ; ಆದಕಾರಣ ಆ ಕೂಲಿಯಾಳಿನ ಹೆಗಲನ್ನೂ ಈ ಚರಿತ್ರೆಯಲ್ಲಿ ಎಣಿಸಬೇಕು. ಭರಣಿಯ ಕಡಲಹೂವು ಆಗಾಗ ಮರಿಗಳನ್ನು ಈಯುತ್ತಿತ್ತು. ಡಾಲ್ಯೆಲನು ಅವುಗಳನ್ನು ಎಣಿಸಿ ಬರೆದಿಟ್ಟನು. ಇಪ್ಪತ್ತು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು. 1847 ಮತ್ತು 1848ರಲ್ಲಿ ಅವನು ಸ್ಕಾಟ್ಲೆಂಡಿನ ಅಪರೂಪದ ಪ್ರಾಣಿಗಳನ್ನು ಕುರಿತು ಪ್ರಕಟಿಸಿದ ಮಹಾಗ್ರಂಥದಲ್ಲಿ ಈ ಕಡಲಹೂವಿನ ಸಮಾಚಾರವೂ ಸೇರಿತು. 1851ರಲ್ಲಿ ಅವನು ತೀರಿಕೊಂಡನು. ಕಡಲಹೂವು ತೀರಿಕೊಳ್ಳಲಿಲ್ಲ. ಅದನ್ನು ಜಾನ್ ಫ್ಲೆಮಿಂಗ್ ಎಂಬ ಪಾದ್ರಿಯೂ ಪಂಡಿತನೂ ಆದವನು ತನ್ನ ಮನೆಗೆ ಒಯ್ದನು.

ಅದನ್ನು ಅಲ್ಲಿ ಬಿಟ್ಟು, ಅದೇ ಕಾಲದಲ್ಲಿ ಲಂಡನ್ ನಗರದಲ್ಲಿ ನಡೆದುದನ್ನು ನೋಡೋಣ.

1846ನೆಯ ಇಸವಿಯಲ್ಲಿ ಆನಾ ಥಿನ್ ಎಂಬ ಮಹಿಳೆಯು ಟಾರ್ಕ್ವಿ ಎಂಬ ಕಡಲೂರಿಗೆ ಹೋಗಿದ್ದಳು. ಆಕೆಯ ಪತಿಯು ವೆಸ್ಟ್‌ಮಿನ್‌ಸ್ಟರ್ ದೇವಾಲಯದ ಅಧಿಕಾರಿಗಳಲ್ಲೊಬ್ಬನು. ಅಲ್ಲಿ ಕಡಲಹೂವಿನ ಹತ್ತಿರದ ಬಂಧುವಾದ ಸಣ್ಣ ಹವಳದ ಜೀವಿಗಳನ್ನು ಕಂಡು, ಅವುಗಳನ್ನು ಲಂಡನಿಗೆ ಕೊಂಡೊಯ್ಯಲು ಮನಸ್ಸು ಮಾಡಿದಳು. ದಾರಿಯ ಕುಲುಕಾಟಕ್ಕೆ ಅವು ಒಂದಕ್ಕೊಂದು ತಾಗಿ ಒಡೆಯದಿರಲೆಂದು ಸೂಜಿದಾರದಿಂದ ಅವುಗಳನ್ನು ದೊಡ್ಡದೊಂದು ಸ್ಪಂಜಿಗೆ ಹೊಲಿದು, ನೀರು ತುಂಬಿದ ಭರಣಿಯಲ್ಲಿಟ್ಟಳು. ಪ್ರಾಣಿಶಾಸ್ತ್ರದ ಪಂಡಿತರಲ್ಲಿ ಯಾರಿಗೂ ಹೊಳೆಯದಿದ್ದ ಈ ಯುಕ್ತಿಯು ಹೊಲಿಗೆ ಬಲ್ಲ ಕೈಗೆ ಹೊಳೆಯಿತು. ಲಂಡನಿನಲ್ಲಿ ತಂದ ನೀರು ಕೆಡಲಾರಂಭಿಸಿದಾಗ, ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಎತ್ತಿ ಹೊಯ್ಯುವುದು ಪ್ರತಿದಿನದ ಕೆಲಸವಾಯಿತು. ಅರ್ಧ ಗಂಟೆ, ಮುಕ್ಕಾಲು ಗಂಟೆ ಹೀಗೆ ಹೊಯ್ದರೆ ನೀರು ಗಾಳಿಯನ್ನು ಕುಡಿದು ಮತ್ತೆ ಜೀವಯೋಗ್ಯವಾಗುತ್ತಿತ್ತು. ನಮ್ಮ ಮನೆಗಳಲ್ಲಿ ಬಿಸಿ ಹಾಲನ್ನು ಆರಿಸುವ ರೀತಿಯೇ ಇದು. ಆಕೆಗೆ ಪುರಸತ್ತಿಲ್ಲದ ದಿನ ಮನೆಗೆಲಸದ ಹುಡುಗಿಯು ಹೊಯ್ಯುತ್ತಿದ್ದಳು. ಮರುವರ್ಷ ಆಕೆಯು ಸಮುದ್ರದ ಸಸ್ಯಗಳನ್ನು ತರಿಸಿ ಭರಣಿಗಳಲ್ಲಿ ಹಾಕಿದಳು. ಬೆಳಕಿನಲ್ಲಿ ಸಸ್ಯಗಳು ಬಿಡುವ ಪ್ರಾಣವಾಯುವು ಜೀವಿಗಳಿಗೆ ಸಲ್ಲುತ್ತ, ಹೊಸ ನೀರಿನ ಆವಶ್ಯಕತೆಯು ತಗ್ಗಿತು. ತನ್ನ ಅನುಭವವನ್ನು ಆಕೆ ಅಚ್ಚು ಮಾಡಿಸಿದ್ದು 1859ರಲ್ಲಿ. ಅಷ್ಟರಲ್ಲಿ ಕೀರ್ತಿಯು ಬೇರೆಯವರ ಪಾಲಾಗಿತ್ತು.

ಬೇರೆಯವರು ಅಯೋಗ್ಯರೇನೂ ಅಲ್ಲ. ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞನು ಎರಡು ಹೊಂಬಣ್ಣದ ಮೀನುಗಳನ್ನೂ ಒಂದು ನೀರುಗಿಡವನ್ನೂ ಸಿಹಿನೀರಿನ ತೊಟ್ಟಿಯಲ್ಲಿಟ್ಟು ನೋಡಿದನು. ಗಿಡದ ಕೊಳೆತ ಎಲೆಗಳಿಂದ ನೀರು ಕೆಟ್ಟಿತು. ಆಗ ಕೊಳೆತದ್ದನ್ನು ತಿನ್ನುವ ಬಸವನಹುಳುಗಳನ್ನು ಸೇರಿಸಿದನು, ನೀರು ತಿಳಿಯಾಯಿತು. ಮೀನಿನ ಉಸಿರು ಗಿಡಕ್ಕೆ, ಗಿಡದ ಉಸಿರು ಮೀನಿಗೆ, ಎರಡರ ಕಸವು ಹುಳುವಿಗೆ ಎಂಬ ಈ ಚಕ್ರವನ್ನು ಅವನು 1850ರಲ್ಲಿ ವಿದ್ವತ್ಸಭೆಗೆ ತಿಳಿಸಿ, ಎರಡು ವರ್ಷಗಳ ತರುವಾಯ ಉಪ್ಪುನೀರಿನಲ್ಲಿಯೂ ಅದನ್ನೇ ಪರೀಕ್ಷಿಸಿದನು. ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಚಕ್ರದ ಮಾತು ಬಂದಾಗಲೆಲ್ಲ ನನಗೆ ಈಗ ಈ ಬಸವನಹುಳುವಿನ ನೆನಪಾಗುತ್ತದೆ, ಗುರುಗಳು ಕ್ಷಮಿಸಬೇಕು.

ಆದರೆ ಗಾಜಿನ ತೊಟ್ಟಿಯನ್ನು ಮನೆಮನೆಗೂ ತಂದವನು ಫಿಲಿಪ್ ಹೆನ್ರಿ ಗಾಸ್. 1810ರಲ್ಲಿ ಹುಟ್ಟಿದ ಈತನು ದೈವಭಕ್ತಿಯಲ್ಲಿ ಬಹು ಕಠಿಣನಾದವನು. 1852ರಲ್ಲಿ ಅನಾರೋಗ್ಯದಿಂದ ಡೆವನ್ ಪ್ರಾಂತದ ಸಮುದ್ರತೀರಕ್ಕೆ ಹೋಗಿ, ಬಂಡೆಗಳ ನಡುವಿನ ಗುಂಡಿಗಳಲ್ಲಿ ಸೃಷ್ಟಿಕರ್ತನ ಕೈವಾಡವನ್ನು ನೋಡುತ್ತ ಆರೋಗ್ಯವನ್ನು ಪಡೆದನು. ಮರುವರ್ಷ ಲಂಡನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ತೆರೆದ ಮತ್ಸ್ಯಗೃಹಕ್ಕೆ ಅವನು ಜೀವಿಗಳನ್ನು ಒದಗಿಸಿದನು. 1854ರಲ್ಲಿ ‘ಅಕ್ವೇರಿಯಂ’ ಎಂಬ ಹೆಸರಿನ ಪುಸ್ತಕವನ್ನು ಬರೆದನು. ಆ ಶಬ್ದವು ಈ ಅರ್ಥದಲ್ಲಿ ರೂಢಿಗೆ ಬಂದದ್ದು ಅವನಿಂದಲೇ. ಸಮುದ್ರದಿಂದ ದೂರವಿದ್ದವರಿಗಾಗಿ ಕೃತಕ ಕಡಲನೀರಿನ ಪಾಕವನ್ನೂ ಪ್ರಕಟಿಸಿದನು. ಅಡಿಗೆಯ ಉಪ್ಪು ಮೂರೂವರೆ ಔನ್ಸು, ಭೇದಿಗೆ ಕೊಡುವ ಎಪ್ಸಂ ಉಪ್ಪು ಕಾಲು ಔನ್ಸು, ಮೆಗ್ನೀಸಿಯಂ ಕ್ಲೋರೈಡು 200 ಗ್ರೇನು, ಪೊಟ್ಯಾಸಿಯಂ ಕ್ಲೋರೈಡು 40 ಗ್ರೇನು. ಇವುಗಳಿಗೆ ನಾಲ್ಕು ಕ್ವಾರ್ಟಿಗೆ ಸ್ವಲ್ಪ ಕಡಿಮೆ ಸಿಹಿನೀರು. ಇದರಲ್ಲಿ ಸುಣ್ಣದ ಅಂಶವೂ ಇನ್ನೂ ಹಲವು ಸೂಕ್ಷ್ಮದ್ರವ್ಯಗಳೂ ಇಲ್ಲವೆಂದು ಇಂದಿನವರು ಆಕ್ಷೇಪಿಸಬಹುದು. ಆದರೂ ಮೊದಲು ಕಡಲ ಪಾಚಿಯನ್ನು ಬಿಟ್ಟು ಕೆಲವು ದಿನ ಕಾದು, ನೀರು ಪಕ್ವವಾದ ಮೇಲೆ ಪ್ರಾಣಿಗಳನ್ನು ಬಿಡಬೇಕೆಂದು ಅವನು ಹೇಳಿದ ಕ್ರಮವು ಇಂದಿಗೂ ತಪ್ಪಲ್ಲ. 1860ರಲ್ಲಿ ಮುಗಿದ ಅವನ ಕಡಲಹೂವುಗಳ ಚರಿತ್ರೆಯಲ್ಲಿ ಬ್ರಿಟನ್ ದ್ವೀಪದ ಜಾತಿಗಳೆಲ್ಲವನ್ನೂ ಅವನೇ ಬರೆದ ಬಣ್ಣದ ಚಿತ್ರಗಳೊಡನೆ ನೋಡಬಹುದು.

ಆಗ ಹಬ್ಬಿದ್ದನ್ನು ಜ್ವರವೆಂದೇ ಕರೆಯಬೇಕು. 1845ರಲ್ಲಿ ಗಾಜಿನ ಮೇಲಿನ ತೆರಿಗೆಯನ್ನು ತೆಗೆದುದರಿಂದ ಗಾಜು ಅಗ್ಗವಾಗಿದ್ದಿತು. ರೈಲುಗಾಡಿಯು ಲಂಡನಿನವರನ್ನು ಒಂದೇ ದಿನದಲ್ಲಿ ಕಡಲಿಗೆ ಕೊಂಡೊಯ್ಯುತ್ತಿತ್ತು. ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬವನು ಲಂಡನಿನಲ್ಲಿ ಅಂಗಡಿಯನ್ನೇ ತೆರೆದು ತೊಟ್ಟಿ, ಕಡಲನೀರು, ಕಡಲಹೂವುಗಳನ್ನು ಮಾರಿದನು. ಹೆಂಗಸರು ಗಂಡಸರೆನ್ನದೆ ಬುಟ್ಟಿ, ಉಳಿ, ಸುತ್ತಿಗೆಗಳನ್ನು ಹಿಡಿದು ಇಳಿತದ ಹೊತ್ತಿಗೆ ಬಂಡೆಗಳ ಮೇಲೆ ಇಳಿದರು. ಕಡಲಹೂವನ್ನು ಕಲ್ಲಿನಿಂದ ಎಬ್ಬಿಸಲಾಗದಿದ್ದರೆ ಕಲ್ಲನ್ನೇ ಒಡೆಯುತ್ತಿದ್ದರು. ಮನೆಗೆ ತಂದವುಗಳಲ್ಲಿ ಹೆಚ್ಚಿನವು ನನ್ನ ಉಪ್ಪಿನಕಾಯಿ ಭರಣಿಯ ಜೀವಿಯ ಗತಿಯನ್ನೇ ಕಂಡಿರಬೇಕು. ಕಾರಣಗಳೂ ಅವೇ: ಬೇಸಗೆಯ ಶಾಖ, ಇಕ್ಕಟ್ಟು, ಅತಿಯಾದ ಆಹಾರ, ಸತ್ತ ಒಂದನ್ನು ಕೂಡಲೆ ತೆಗೆಯದೆ ಉಳಿದವುಗಳನ್ನೂ ಕೊಲ್ಲುವ ಅಜಾಗರೂಕತೆ. ಸತ್ತುದರ ಸ್ಥಾನಕ್ಕೆ ಇನ್ನೊಂದನ್ನು ತರುವುದು ಸುಲಭವಾಗಿದ್ದುದರಿಂದ ತಪ್ಪನ್ನು ತಿದ್ದಿಕೊಳ್ಳುವ ಪ್ರಮೇಯವು ಬರಲಿಲ್ಲ. 1860ರ ದಶಕವು ಮುಗಿಯುವಷ್ಟರಲ್ಲಿ ಜ್ವರವು ಇಳಿಯಿತು; ತೊಟ್ಟಿಗಳು ಅಟ್ಟವನ್ನು ಸೇರಿದವು.

ಗಾಸನ ಮಗನಾದ ಎಡ್ಮಂಡ್ ಗಾಸನು 1907ರಲ್ಲಿ ತಂದೆಮಕ್ಕಳ ಸಂಬಂಧವನ್ನು ಕುರಿತು ಬರೆದ ಗ್ರಂಥದಲ್ಲಿ ಈ ವಿಷಯವು ಬರುತ್ತದೆ. ಬಾಲಕನಾಗಿದ್ದಾಗ ತಂದೆಯ ಜೊತೆಗೆ ಕಂಡಿದ್ದ ಬಂಡೆಗಳ ನಡುವಿನ ಕೊಳಗಳು ಸಂಗ್ರಹಕಾರರ ದಂಡಿನಿಂದ ಬರಿದಾದುವೆಂದೂ, ಆ ದಂಡು ಹೊರಟದ್ದು ತನ್ನ ತಂದೆಯ ಪುಸ್ತಕಗಳಿಂದಲೇ ಎಂದೂ, ತಂದೆಯು ಅದನ್ನು ಕಣ್ಣಾರೆ ಕಂಡು ನೊಂದನೆಂದೂ ಅವನು ಬರೆದಿದ್ದಾನೆ. ಸೃಷ್ಟಿಯ ಸೊಬಗನ್ನು ತೋರಿಸಿ ದೇವರ ಕಡೆಗೆ ಜನರನ್ನು ತಿರುಗಿಸಬೇಕೆಂದು ಹೊರಟವನು, ಆ ಸೊಬಗನ್ನೇ ಕೊಳ್ಳೆಹೊಡೆಯಲು ದಾರಿ ತೋರಿದಂತಾಯಿತು. ಗಾಸನ ಪುಸ್ತಕದಲ್ಲಿ ದೋಷವಿತ್ತೆಂದು ನಾನು ಹೇಳಲಾರೆ. ಮೂವತ್ತು ಹುಡುಗರ ಮುಂದೆ ಚಾಕುವನ್ನು ಹಿಡಿದು ಬಂಡೆಗೆ ಬಗ್ಗಿದ ಮೇಷ್ಟರಿಗೆ ಹಾಗೆ ಹೇಳುವ ಅಧಿಕಾರವೂ ಇಲ್ಲ.

ಜ್ವರವು ಏರಿ ಇಳಿದ ಆ ಕಾಲವೆಲ್ಲ ಎಡಿನ್‌ಬರೋ ನಗರದ ಭರಣಿಯಲ್ಲಿ ಡಾಲ್ಯೆಲನ ಕಡಲಹೂವು ತನ್ನಷ್ಟಕ್ಕೆ ತಾನು ಬಾಳುತ್ತಿತ್ತು. ಬಹು ವರ್ಷ ಮರಿಗಳಿಲ್ಲದೆ ಇದ್ದದ್ದು 1857ರ ವಸಂತದಲ್ಲಿ ಒಂದೇ ರಾತ್ರಿಯಲ್ಲಿ ಇನ್ನೂರಕ್ಕೂ ಹೆಚ್ಚು ಮರಿಗಳನ್ನು ಈಯಿತು. ಅದೇ ವರ್ಷದ ಕೊನೆಯಲ್ಲಿ ಫ್ಲೆಮಿಂಗನು ಮೃತನಾದನು. ಅವನ ಅನಂತರ ನೌಕಾದಳದ ವೈದ್ಯನಾಗಿದ್ದ ಜೇಮ್ಸ್ ಮೆಕ್‌ಬೇನ್ ಎಂಬವನು ಅದನ್ನು ಎರಡು ದಶಕಗಳ ಕಾಲ ನೋಡಿಕೊಂಡನು; 1879ರಲ್ಲಿ ಅವನೂ ಹೋದನು. ಆಮೇಲೆ ಎಡಿನ್‌ಬರೋ ಸಸ್ಯೋದ್ಯಾನದ ಮೇಲ್ವಿಚಾರಕನಾದ ಜಾನ್ ಸ್ಯಾಡ್ಲರ್. 1882ರಲ್ಲಿ ಅವನೂ ತೀರಿಕೊಳ್ಳಲು, ಅವನ ಸ್ಥಾನಕ್ಕೆ ಬಂದ ರಾಬರ್ಟ್ ಲಿಂಡ್ಸೆ. ಹೀಗೆ ಉದ್ಯೋಗದೊಡನೆ ಭರಣಿಯೂ ಹಸ್ತಾಂತರವಾಯಿತು. ನಾಲ್ವರು ಪಾಲಕರನ್ನು ಕಳುಹಿಸಿಕೊಟ್ಟ ಆ ಜೀವಿಗೆ ಜನರು ‘ಅಜ್ಜಿ’ ಎಂದು ಹೆಸರಿಟ್ಟಿದ್ದರು. ನೋಡಲು ಬಂದವರು ರುಜು ಹಾಕುವುದಕ್ಕೆ ಒಂದು ಪುಸ್ತಕವೂ ಇದ್ದಿತು. ಹದಿನೈದು ದಿನಕ್ಕೊಮ್ಮೆ ಅರ್ಧ ನೀಲಿಕಲ್ಲಿನ ಊಟ. ಊಟವಾದ ಮೇಲೆ ಹೊಸ ನೀರು. ನಮ್ಮ ಏಕಾದಶಿಯ ಕ್ರಮವನ್ನು ಇದು ತಲೆಕೆಳಗು ಮಾಡಿದಂತಿದೆ: ಉಪವಾಸವೇ ನಿತ್ಯ, ಊಟವೇ ವ್ರತ. ನೀರನ್ನು ಊಟಕ್ಕೆ ಮೊದಲು ಬದಲಾಯಿಸದೆ ಆಮೇಲೆ ಬದಲಾಯಿಸುತ್ತಿದ್ದುದರಲ್ಲಿ ಅರ್ಥವಿದೆ. ಉಳಿದ ಚೂರು ಕೊಳೆಯಲು ಅವಕಾಶವಿರುತ್ತಿರಲಿಲ್ಲ.

ಅಷ್ಟು ಕಡಿಮೆ ಸಾಧನದಲ್ಲಿ ಆ ಜೀವಿಯು ಬದುಕಿದ್ದಕ್ಕೆ ಪಾಲಕರ ಶ್ರದ್ಧೆಯೊಂದೇ ಕಾರಣವಲ್ಲ. ಜಾತಿಯ ಗುಣವೂ ಕಾರಣ. ಉಬ್ಬರವಿಳಿತಗಳ ನಡುವಣ ಬಂಡೆಯ ಮೇಲೆ ಬಾಳುವ ಕಡಲಹೂವಿದು. ಇಳಿತದ ಹೊತ್ತಿಗೆ ನೀರಿಲ್ಲದೆ, ಮಳೆಯ ಸಿಹಿನೀರಿಗೂ ಬಿಸಿಲಿಗೂ ಮೈಯೊಡ್ಡಿ, ಮುಚ್ಚಿಕೊಂಡು ಕಾಯುವುದು ಅದಕ್ಕೆ ಪ್ರತಿದಿನದ ಅಭ್ಯಾಸ. ಅಲ್ಲದೆ ಬೆಳಕಿನ ಹಂಗೂ ಅದಕ್ಕಿಲ್ಲ. ಈ ಕಡೆಯ ಮಾತನ್ನು ತಿಳಿಯಬೇಕಾದರೆ ಪ್ಯಾಟ್ರಿಕ್ ಗೆಡ್ಡಿಸನ ಪ್ರಯೋಗವನ್ನು ಹೇಳಬೇಕು. ಮುಂದೆ ಬೊಂಬಾಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾಗಿ, ಇಂದೋರು ಮೊದಲಾದ ಪಟ್ಟಣಗಳ ರಚನೆಗೆ ಸಲಹೆಯಿತ್ತು, 1920ರಲ್ಲಿ ಜಗದೀಶಚಂದ್ರ ಬೋಸರ ಜೀವನಚರಿತ್ರೆಯನ್ನು ಬರೆದ ಗೆಡ್ಡಿಸನು ಯೌವನದಲ್ಲಿ ಜೀವಶಾಸ್ತ್ರದ ಅಭ್ಯಾಸಿಯಾಗಿದ್ದನು. ಕೆಲವು ಕಡಲಹೂವುಗಳ ಮೈಯೊಳಗೆ ಹಳದಿಯ ಕಣಗಳಿರುತ್ತವೆ. ಅವು ಪ್ರಾಣಿಯ ಅಂಗವಲ್ಲ, ಪ್ರಾಣಿಯೊಳಗೆ ಮನೆಮಾಡಿದ ಸೂಕ್ಷ್ಮ ಪಾಚಿಗಳೆಂದು ಬ್ರಾಂಟ್ ಎಂಬ ಜರ್ಮನ್ ಪಂಡಿತನು 1881ರಲ್ಲಿ ತೋರಿಸಿದ್ದನು. ಗೆಡ್ಡಿಸನು ಅಂಥ ಕಡಲಹೂವುಗಳನ್ನು ಬಿಸಿಲಿನಲ್ಲಿಟ್ಟು, ಅವುಗಳಿಂದೆದ್ದ ಗುಳ್ಳೆಗಳನ್ನು ಸಂಗ್ರಹಿಸಿ, ಅದರಲ್ಲಿ ಪ್ರಾಣವಾಯುವು ಹೇರಳವಾಗಿರುವುದನ್ನು ಕಂಡು 1882ರಲ್ಲಿ ಪ್ರಕಟಿಸಿದನು. ವಾರಿಂಗ್‌ಟನ್ನನ ತೊಟ್ಟಿಯ ಚಕ್ರವು ಇಲ್ಲಿ ಒಂದೇ ಶರೀರದೊಳಗೆ ತಿರುಗುತ್ತಿತ್ತು. ಇಂಥ ಜಾತಿಗಳಿಗೆ ಬೆಳಕು ತಪ್ಪಿದರೆ ಊಟವೇ ತಪ್ಪಿದಂತೆ. ‘ಅಜ್ಜಿ’ಯ ಜಾತಿಯಲ್ಲಿ ಆ ಪಾಚಿಯಿಲ್ಲ, ಆದುದರಿಂದ ಸ್ಕಾಟ್ಲೆಂಡಿನ ಮಬ್ಬಾದ ಕೋಣೆಯೇ ಅದಕ್ಕೆ ಸಾಕಾಯಿತು.

1887ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ‘ಅಜ್ಜಿ’ಯು ಮರಣ ಹೊಂದಿತು. ಭರಣಿಗೆ ಬಂದು ಐವತ್ತೊಂಬತ್ತು ವರ್ಷ. ಡಾಲ್ಯೆಲನ ಗಣನೆಯಂತೆ ವಯಸ್ಸು ಅರವತ್ತಾರು. ‘ಸ್ಕಾಟ್ಸ್‌ಮನ್’ ಪತ್ರಿಕೆಯು ಗಣ್ಯರಿಗೆ ಬರೆಯುವಂತೆ ಅದಕ್ಕೂ ಚರಮವಾರ್ತೆಯನ್ನು ಬರೆಯಿತು. ನಗುವ ವಿಷಯವೆಂದು ತೋರಬಹುದು. ನನಗೆ ನಗು ಬರಲಿಲ್ಲ.

ಅದೇ ನಗರದಲ್ಲಿ ಇನ್ನೊಂದು ಗುಂಪು ಕಡಲಹೂವುಗಳು ಇದಕ್ಕಿಂತಲೂ ಹೆಚ್ಚು ಕಾಲ ಬಾಳಿದುವು. 1862ಕ್ಕೆ ಕೆಲವು ವರ್ಷ ಮುಂಚೆ ಆರಾನ್ ದ್ವೀಪದಿಂದ ಒಬ್ಬ ಮಹಿಳೆಯು ಅವುಗಳನ್ನು ತಂದಳು. ದಶಕಗಳ ಕಾಲ ಅವು ಮನೆಯಲ್ಲಿಯೇ ಗಾಜಿನ ಪಾತ್ರೆಯಲ್ಲಿ ಬೆಳೆದುವು. 1904ರಲ್ಲಿ ಅವುಗಳನ್ನು ಪರೀಕ್ಷಿಸಿ ಲೇಖನ ಬರೆದ ಇಬ್ಬರಲ್ಲಿ ಒಬ್ಬನು ಆಶ್‌ವರ್ತ್. ಇನ್ನೊಬ್ಬನು ನೆಲ್ಸನ್ ಆನಂಡೇಲ್. ಆ ವರ್ಷವೇ ಕಲ್ಕತ್ತೆಯ ಮ್ಯೂಸಿಯಮ್ಮಿಗೆ ಬಂದು, 1916ರಲ್ಲಿ ಭಾರತೀಯ ಪ್ರಾಣಿಸರ್ವೇಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ಅದರ ಮೊದಲನೆಯ ನಿರ್ದೇಶಕನಾದವನೇ ಈ ಆನಂಡೇಲ್. ಬಂಗಾಳದ ಹಿನ್ನೀರುಗಳಲ್ಲಿಯೂ ಒಡಿಶಾದ ಚಿಲ್ಕಾ ಸರೋವರದಲ್ಲಿಯೂ ಉಪ್ಪುನೀರಿನ ಜೀವಿಗಳನ್ನು ಅಭ್ಯಾಸ ಮಾಡಿ 1924ರಲ್ಲಿ ಅವನು ಕಲ್ಕತ್ತೆಯಲ್ಲಿಯೇ ಮೃತನಾದನು. ಅವನು ಯೌವನದಲ್ಲಿ ಕಂಡಿದ್ದ ಕಡಲಹೂವುಗಳು ಆಗಲೂ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಜೀವಂತವಾಗಿದ್ದುವು. 1940ರ ಸುಮಾರಿಗೆ, ಮುಪ್ಪಿನ ಚಿಹ್ನೆಯೇನೂ ಇಲ್ಲದೆ, ಎಂಬತ್ತನ್ನು ದಾಟಿದ ಅವೆಲ್ಲವೂ ಒಟ್ಟಿಗೆ ಸತ್ತುವು. ಒಂದೊಂದಾಗಿ ಸಾಯದೆ ಒಟ್ಟಿಗೆ ಸತ್ತುದರಿಂದ, ಕೊಂದದ್ದು ವಯಸ್ಸಲ್ಲ, ನೀರಿಗೆ ಬಂದ ಯಾವುದೋ ಕೇಡು ಎಂದು ಊಹಿಸುವುದು ಸಹಜ.

ನಮ್ಮ ದೇಶದಲ್ಲಿ ಮದರಾಸಿನ ಕಡಲದಂಡೆಯಲ್ಲಿ 1909ರಲ್ಲಿ ತೆರೆದ ಮತ್ಸ್ಯಾಲಯವೂ ಬೊಂಬಾಯಿಯಲ್ಲಿ 1951ರಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯವೂ ಪ್ರಸಿದ್ಧವಾದುವು. ಮದರಾಸಿನದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಚ್ಚಿಹೋಯಿತು. ಮನೆಯಲ್ಲಿ ಉಪ್ಪುನೀರಿನ ತೊಟ್ಟಿಯನ್ನಿಡುವ ಹವ್ಯಾಸವಂತೂ ನಮ್ಮಲ್ಲಿ ಇತ್ತೀಚಿನದು. ಅದನ್ನು ನಾನು ಹತ್ತಿರದಿಂದ ಕಂಡದ್ದು ಮಂಗಳೂರಿನಲ್ಲಿರುವ ನನ್ನ ಸೋದರಳಿಯನ ಮನೆಯಲ್ಲಿ. ಅವನ ಮೊದಲನೆಯ ಕಡಲಹೂವು ದೂರದ ಹವಳದ ದಿಬ್ಬದಿಂದ ಬಂದದ್ದು. ತನ್ನ ಕೈಗಳ ನಡುವೆ ಕೇಸರಿಬಣ್ಣದ ಮೀನುಗಳಿಗೆ ಆಶ್ರಯ ಕೊಡುವ ಜಾತಿ. ತೊಟ್ಟಿಯನ್ನು ಕೂಡಿಸಿ ಒಂದು ತಿಂಗಳಾಗುವ ಮೊದಲೇ ತಂದು ಬಿಟ್ಟನು. ಗಿಡದಂತೆ ಕಂಡರೂ ಕಡಲಹೂವು ನಡೆಯಬಲ್ಲದು. ಬೆಳಕೋ ನೀರಿನ ಹರಿವೋ ಒಗ್ಗದಿದ್ದರೆ ಪಾದವನ್ನು ಸಡಿಲಿಸಿ ಮೆಲ್ಲನೆ ಬೇರೆಡೆಗೆ ಹೊರಡುತ್ತದೆ. ಹಾಗೆ ಹೊರಟದ್ದು ರಾತ್ರಿಯಲ್ಲಿ ನೀರೆತ್ತುವ ಪಂಪಿನ ಬಾಯಿಗೆ ಸಿಕ್ಕಿ ಛಿದ್ರವಾಯಿತು. ಅದರ ವಿಷದಿಂದ ಮೀನುಗಳೂ ಸತ್ತುವು. ಟೆಲಿಫೋನಿನಲ್ಲಿ ಅವನು, “ಮಾವ, ಅದಕ್ಕೆ ಜಾಗ ಹಿಡಿಸಲಿಲ್ಲ, ನಾನು ಕಾಯಬೇಕಿತ್ತು” ಎಂದನು. ತಾಮ್ರದ ತಂಬಿಗೆಯ ಕಥೆಯನ್ನು ನಾನು ಅವನಿಗೆ ಹೇಳಿದ್ದು ಆ ದಿನ. ಬೆನ್ನೆಲುಬಿಲ್ಲದ ಕಡಲಜೀವಿಗಳಿಗೆ ತಾಮ್ರವು, ಲವಲೇಶವಾದರೂ, ಮಾರಕವಾದ ವಿಷವೆಂದು ಅವನು ನನಗೆ ತಿಳಿಸಿದನು. ಮೂವತ್ತು ವರ್ಷ ನಾನು ಬಾವಿಯ ನೀರನ್ನೂ ಅನ್ನದ ಅಗುಳನ್ನೂ ದೂರುತ್ತಿದ್ದೆನು. ಕೊಲೆಯು ಅದಕ್ಕೂ ಮೊದಲೇ, ಪರಿಶುದ್ಧವೆಂದು ನಾನು ನಂಬಿದ ಪಾತ್ರೆಯಲ್ಲಿ, ನಡೆದಿತ್ತು.

ಆಮೇಲೆ ಅವನು ಒಂದು ವರ್ಷ ತೊಟ್ಟಿಯನ್ನು ಕಡಲಹೂವಿಲ್ಲದೆಯೇ ನಡೆಸಿದನು. ಕೊಳೆತದ್ದರಿಂದ ಹುಟ್ಟುವ ವಿಷವನ್ನು ನಿರಪಾಯವಾಗಿಸುವ ಸೂಕ್ಷ್ಮಜೀವಿಗಳು ಕಲ್ಲುಗಳಲ್ಲಿ ನೆಲೆಗೊಳ್ಳಲು ಕಾಲ ಬೇಕು. ಗಾಸನು ಪಾಚಿಯನ್ನು ಬಿಟ್ಟು ಕಾದದ್ದರಲ್ಲಿ ಈ ತತ್ತ್ವದ ಬೀಜವಿದೆ. ಪಂಪಿನ ಬಾಯಿಗೆ ಜಾಲರಿಯನ್ನು ಕಟ್ಟಿದನು. ಎರಡನೆಯ ಕಡಲಹೂವನ್ನು ಸಮುದ್ರದಿಂದ ತರಿಸಲಿಲ್ಲ. ಆ ಜಾತಿಯು ತೊಟ್ಟಿಯಲ್ಲಿ ಚೆನ್ನಾಗಿ ಬೆಳೆದರೆ ತಾನಾಗಿ ಎರಡಾಗಿ ಸೀಳಿಕೊಂಡು, ಎರಡು ಅರ್ಧಗಳೂ ಪೂರ್ಣವಾಗುತ್ತವೆ; ಹಾಗೆ ಸ್ನೇಹಿತನೊಬ್ಬನ ತೊಟ್ಟಿಯಲ್ಲಿ ಸೀಳಿದ ಒಂದು ಪಾಲನ್ನು ಬೇಡಿ ತಂದನು. ಕಳೆದ ದೀಪಾವಳಿಗೆ ನಾನು ಹೋದಾಗ ಅದು ಬೆಳಕಿನ ಕಡೆಗೆ ಕೈಗಳನ್ನು ಚಾಚಿ ಬಂಡೆಯೊಂದರ ಸಂದಿಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಮೀನೊಂದು ಅದರೊಳಗೆ ಮೈ ಹೊರಳಿ ಬರುತ್ತಿತ್ತು. ಗಾಜಿನ ಹೊರಮೈಯ ಮೇಲೆ ಕಪ್ಪು ಮಸಿಯಿಂದ ಒಂದು ಗೆರೆಯನ್ನು ಎಳೆದಿದ್ದನು. ನೀರು ಆವಿಯಾಗಿ ಗೆರೆಯಿಂದ ಕೆಳಗಿಳಿದರೆ ಉಪ್ಪು ಒಳಗೇ ಉಳಿಯುತ್ತದೆ. ಆಗ ಗೆರೆ ಮುಟ್ಟುವವರೆಗೆ ಶುದ್ಧವಾದ ಸಿಹಿನೀರನ್ನು ಮಾತ್ರ ಸೇರಿಸಬೇಕು, ಒಂದು ಲೋಟವೂ ಹೆಚ್ಚಾಗಕೂಡದು. ಪ್ಲಾಸ್ಟಿಕ್ ಪಾತ್ರೆಯೊಂದನ್ನು ನನ್ನ ಕೈಗೆ ಕೊಟ್ಟು, “ಇಂದು ನೀವೇ ಹಾಕಿ, ಮಾವ” ಎಂದನು. ನಾನು ಕನ್ನಡಕವನ್ನು ಹಾಕಿಕೊಂಡು, ಗೆರೆಯನ್ನು ನೋಡುತ್ತ, ನಿಧಾನವಾಗಿ ಹೊಯ್ದೆನು.